ಕಾರು ಎಳೆದಷ್ಟೇ ಮನೆ

ಜೂನ್ ಬಂತೆಂದರೆ ಅಮೆರಿಕದ ಕನ್ನಡ ಮನೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಮಕ್ಕಳಿಗೆ ರಜೆ. ಊರಿನಿಂದ ಅಪ್ಪ-ಅಮ್ಮನೋ ಅತ್ತೆ-ಮಾವನೋ ಬಂದಿರುತ್ತಾರೆ. ಅವರಿಗೆ ಯೆಲ್ಲೋಸ್ಟೋನ್ ತೋರಿಸಬೇಕು, ಗ್ರ್ಯಾಂಡ್ ಕ್ಯಾನ್ಯನ್ ತೋರಿಸಬೇಕು. ಆರು ಜನ ಎಂದಮೇಲೆ ಹೋಟೆಲಿನಲ್ಲಿ ಎರಡು ಕೋಣೆ ಹಿಡಿಯಲೇಬೇಕು. ಉದ್ಯಾನಗಳ ಬಾಗಿಲಲ್ಲಿರುವ ಊರುಗಳ ಬೇಸಿಗೆ ಬಾಡಿಗೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಊಟದ್ದು ಇನ್ನೊಂದು ಪಾಡು. ಮೊದಲ ದಿನ ಪಿಜ್ಜಾ, ಮರುದಿನ ಬರಿಟೊ. ಮೂರನೇ ದಿನಕ್ಕೆ ಹಿರಿಯರು ಬಾಯಿಬಿಟ್ಟು ಹೇಳದಿದ್ದರೂ ಅನ್ನ-ಸಾರಿಗೆ ಹಂಬಲಿಸುತ್ತಿರುತ್ತಾರೆ. ಇಂಥ ಹೊತ್ತಿನಲ್ಲಿ ಹೆದ್ದಾರಿಯಲ್ಲಿ ಯಾರದೋ ಕಾರು ಪುಟ್ಟ ಬಿಳಿ ಟ್ರೇಲರೊಂದನ್ನು ಎಳೆದುಕೊಂಡು ಹೋಗುವುದು ಕಣ್ಣಿಗೆ ಬಿದ್ದರೆ, ನಮ್ಮದೂ ಒಂದು ಹೀಗೇ ಇದ್ದಿದ್ದರೆ ಎಂದು ಅನಿಸದೆ ಇರದು.

ಅನಿಸುವುದರಲ್ಲಿ ತಪ್ಪಿಲ್ಲ. ಮಧ್ಯಮ ವರ್ಗದ ಕುಟುಂಬವೊಂದು ಆ ವಿಶಾಲ ದೇಶವನ್ನು ಕೈಗೆಟಕುವ ಖರ್ಚಿನಲ್ಲಿ ಸುತ್ತಿ ನೋಡಲು ಸಣ್ಣ ಟ್ರೇಲರಿಗಿಂತ ಒಳ್ಳೆಯ ಸಾಧನ ನನಗೆ ಕಂಡಿಲ್ಲ. ಆದರೆ ಅದು ಅಗ್ಗವಾಗುವುದು ಸಣ್ಣದಾಗಿ ಉಳಿದಾಗ ಮಾತ್ರ. ಷೋರೂಮಿಗೆ ಹೋಗಿ, ಇನ್ನೆರಡು ಅಡಿ ಉದ್ದದ್ದು ಇದ್ದರೆ ಚೆನ್ನ, ಸೋಫಾ ಇದ್ದರೆ ಇನ್ನೂ ಚೆನ್ನ ಎಂದುಕೊಳ್ಳುತ್ತ ಹೋದವರು ಕೊನೆಗೆ ಅದನ್ನು ಎಳೆಯಲು ದೊಡ್ಡ ಪಿಕಪ್ ಟ್ರಕ್ಕನ್ನೂ ಕೊಳ್ಳಬೇಕಾಗುತ್ತದೆ. ಅಲ್ಲಿಗೆ ಅಗ್ಗದ ಪ್ರವಾಸದ ಮಾತು ಮುಗಿಯಿತು. ಹಾಗಾಗಿ ಟ್ರೇಲರ್ ನೋಡಲು ಹೊರಡುವ ಮೊದಲು ಮನೆಮುಂದೆ ನಿಂತಿರುವ ಕಾರನ್ನು ನೋಡಿ.

ನಮ್ಮವರಲ್ಲಿ ಬಹಳ ಮಂದಿಯ ಬಳಿ ಇರುವುದು ಟೊಯೊಟಾ ಸಿಯೆನ್ನಾ ಅಥವಾ ಹೋಂಡಾ ಒಡಿಸ್ಸಿ ಮಿನಿವ್ಯಾನ್. ಎರಡರ ಎಳೆಯುವ ಮಿತಿಯೂ 3,500 ಪೌಂಡ್, ಅಂದರೆ ಸುಮಾರು 1,590 ಕಿಲೋ. ಟೊಯೊಟಾ ಹೈಲ್ಯಾಂಡರ್‌ನ ಪೆಟ್ರೋಲ್ ಮಾದರಿಯೋ ಹೋಂಡಾ ಪೈಲಟ್‌ನ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹಂಚುವ ಮಾದರಿಯೋ ಆದರೆ 5,000 ಪೌಂಡ್. ಈ ಒಂದು ಅಂಕಿ ಹಿಡಿದುಕೊಂಡೇ ಹೆಚ್ಚಿನವರು ಮಾರಾಟಗಾರರ ಬಳಿಗೆ ಹೋಗುತ್ತಾರೆ, ಅವರೂ 3,000 ಪೌಂಡಿನ ಟ್ರೇಲರೊಂದನ್ನು ತೋರಿಸಿ ಧಾರಾಳವಾಗಿ ಎಳೆಯಬಹುದು ಎನ್ನುತ್ತಾರೆ. ನಿಜವಾದ ಮಿತಿ ಇರುವುದು ಬೇರೆ ಕಡೆ. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಬಿಳಿ-ಹಳದಿ ಬಣ್ಣದ ಒಂದು ಚೀಟಿ ಅಂಟಿಸಿರುತ್ತಾರೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಇದಕ್ಕೆ ಪೇಲೋಡ್ ಎನ್ನುತ್ತಾರೆ. ಟ್ರೇಲರಿನ ಮೂತಿ ಕಾರಿನ ಹಿಂದಿನ ಗುಂಡಿನ ಮೇಲೆ ಕೂತಾಗ ಹೇರುವ ಭಾರವೂ ಇದರಲ್ಲೇ ಸೇರಬೇಕು. ಆ ಭಾರ ತುಂಬಿದ ಟ್ರೇಲರಿನ ಒಟ್ಟು ತೂಕದ ನೂರಕ್ಕೆ 10ರಿಂದ 15ರಷ್ಟು ಇರಬೇಕು.

ಲೆಕ್ಕ ಹಾಕೋಣ. ಚೀಟಿಯಲ್ಲಿ 1,200 ಪೌಂಡ್ ಎಂದಿದೆ ಅಂದುಕೊಳ್ಳಿ. ಗಂಡ-ಹೆಂಡತಿ 320, ಅಜ್ಜ-ಅಜ್ಜಿ 280, ಇಬ್ಬರು ಮಕ್ಕಳು 160. ಅಲ್ಲಿಗೆ 760 ಆಯಿತು. ಕಾರಿನೊಳಗಿನ ಚೀಲ, ನೀರಿನ ಬಾಟಲಿ, ತಿಂಡಿ ಡಬ್ಬಿ ಎಲ್ಲ ಸೇರಿ 100. ಟ್ರೇಲರ್ ಸಿಕ್ಕಿಸಲು ಹಿಂದೆ ಕೂರಿಸಿದ ಕಬ್ಬಿಣದ ಹಿಚ್ 50. ಉಳಿದದ್ದು 290 ಪೌಂಡ್. ತುಂಬಿದ ಟ್ರೇಲರ್ 2,500 ಪೌಂಡ್ ತೂಗಿದರೆ ಅದರ ಮೂತಿಯ ಭಾರ, ನೂರಕ್ಕೆ 12ರಂತೆ, 300. ಎಳೆಯುವ ಮಿತಿಗೆ ಇನ್ನೂ ಸಾವಿರ ಪೌಂಡ್ ಬಾಕಿ ಇರುವಾಗಲೇ ಕಾರು ತುಂಬಿಹೋಯಿತು. ಅಮೆರಿಕದಲ್ಲಿ ಕಾರಿನ ಎಳೆಯುವ ಶಕ್ತಿ ಅಳೆಯಲು ಬಳಸುವ ಮಾನದಂಡವೇ ಕಾರಿನಲ್ಲಿ 150 ಪೌಂಡಿನ ಇಬ್ಬರು ಕೂತಿದ್ದಾರೆ ಎಂದು ಭಾವಿಸುತ್ತದೆ. ಆರು ಜನರ ಭಾರತೀಯ ಕುಟುಂಬ ಆ ಲೆಕ್ಕದಲ್ಲಿ ಇಲ್ಲ.

ಅಂದಮೇಲೆ ಆರು ಜನಕ್ಕೆ ಮಿನಿವ್ಯಾನ್ ಇದ್ದರೆ, ತುಂಬಿದಾಗಲೂ 2,000 ಪೌಂಡಿನ ಆಸುಪಾಸಿನಲ್ಲಿರುವ ಟ್ರೇಲರೇ ಸರಿ. ಅಜ್ಜ-ಅಜ್ಜಿ ಇಲ್ಲದೆ ನಾಲ್ಕೇ ಜನ ಹೋಗುವವರಿಗೆ 3,000ದ ತನಕ ಜಾಗವಿದೆ. ಕಾರಿನ ಕೈಪಿಡಿಯಲ್ಲಿ ಇನ್ನೊಂದನ್ನು ಹುಡುಕಿ. ಕೆಲವು ತಯಾರಕರು ಟ್ರೇಲರಿನ ಮುಂಭಾಗದ ಅಗಲ-ಎತ್ತರಕ್ಕೂ ಮಿತಿ ಹಾಕಿರುತ್ತಾರೆ. ಸಪಾಟು ಹೆದ್ದಾರಿಯಲ್ಲಿ ಎಂಜಿನ್ನಿಗೆ ತೂಕಕ್ಕಿಂತ ಗಾಳಿಯ ತಡೆಯೇ ಹೆಚ್ಚು ಹೊರೆ.

ತೂಕ ಹೇಗೆ ಸದ್ದಿಲ್ಲದೆ ಏರುತ್ತದೆ ಎಂಬುದನ್ನು 1954ರಲ್ಲೇ ಹಾಲಿವುಡ್ ತೋರಿಸಿತ್ತು. ವಿನ್ಸೆಂಟೆ ಮಿನೆಲ್ಲಿ ನಿರ್ದೇಶಿಸಿದ ‘ದಿ ಲಾಂಗ್, ಲಾಂಗ್ ಟ್ರೇಲರ್’ ಸಿನಿಮಾದಲ್ಲಿ ಲೂಸಿಲ್ ಬಾಲ್ ಹೊಸದಾಗಿ ಮದುವೆಯಾದ ಹೆಂಡತಿ. ಹೋದ ಹೋದ ಊರಿನಿಂದ ನೆನಪಿಗೆಂದು ಒಂದೊಂದು ಕಲ್ಲನ್ನು ಎತ್ತಿಕೊಂಡು ಬಂದು ಟ್ರೇಲರಿನಲ್ಲಿ ಸೇರಿಸುತ್ತ ಹೋಗುತ್ತಾಳೆ. ಕಡಿದಾದ ಬೆಟ್ಟದ ರಸ್ತೆ ಹತ್ತುವಾಗ ಆ ಕಲ್ಲುಗಳೇ ಕುತ್ತಿಗೆಗೆ ಬರುತ್ತವೆ. ಇಂದಿನ ಟ್ರೇಲರಿನಲ್ಲಿ ಕಲ್ಲಿನ ಕೆಲಸವನ್ನು ನೀರು ಮಾಡುತ್ತದೆ. 20 ಗ್ಯಾಲನ್ ನೀರು ತುಂಬಿದರೆ ಸುಮಾರು 167 ಪೌಂಡ್, ಒಬ್ಬ ಆಳಿನ ತೂಕ. ಗ್ಯಾಸ್ ಸಿಲಿಂಡರ್, ಬ್ಯಾಟರಿ, ಅಕ್ಕಿ, ಪಾತ್ರೆ, ಹೊದಿಕೆ ಯಾವುದೂ ಸಾಮಾನ್ಯವಾಗಿ ಜಾಹೀರಾತಿನ ‘ಖಾಲಿ ತೂಕ’ದಲ್ಲಿ ಇರುವುದಿಲ್ಲ. ಆದ್ದರಿಂದ ಖಾಲಿ ತೂಕ ಕೇಳಿ ಸುಮ್ಮನಾಗಬೇಡಿ. ತುಂಬಿದಾಗ ಎಷ್ಟರವರೆಗೆ ಹೋಗಬಹುದು ಎಂಬ ಅಂಕಿ ಟ್ರೇಲರಿನ ಮೈಮೇಲಿನ ಚೀಟಿಯಲ್ಲಿದೆ, ಅದನ್ನು ಓದಿ. ನೀರನ್ನು ಬಿಡಾರ ಮುಟ್ಟಿದ ಮೇಲೆ ತುಂಬಿಸಿಕೊಂಡರೆ ಸಾಕು.

ತೂಕದಷ್ಟೇ ಮುಖ್ಯ, ಅದು ಎಲ್ಲಿ ಕೂತಿದೆ ಎಂಬುದು. ಭಾರವಾದ ಸಾಮಾನೆಲ್ಲ ಹಿಂಬದಿಗೆ ಸೇರಿದರೆ ಮೂತಿ ಹಗುರಾಗುತ್ತದೆ. ಆಗ ವೇಗ ಹೆಚ್ಚಿದಂತೆ ಟ್ರೇಲರ್ ಬಾಲ ಬೀಸಲು ಶುರುಮಾಡುತ್ತದೆ, ಮುಂದಿನ ಕಾರನ್ನೂ ಅತ್ತಿತ್ತ ಎಳೆದಾಡುತ್ತದೆ. ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದರೂ ಸಾಕು. ಹಾಗಾದಾಗ ಕಾರಿನ ಬ್ರೇಕ್ ಜೋರಾಗಿ ಒತ್ತುವುದು ಅಪಾಯ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗ್ ನೆಟ್ಟಗೆ ಹಿಡಿದು, ಟ್ರೇಲರಿನ ಬ್ರೇಕನ್ನು ಮಾತ್ರ ಕೈಯಿಂದ ಒತ್ತಬೇಕು. ಅದಕ್ಕೆ ಕಾರಿನೊಳಗೆ ಬ್ರೇಕ್ ಕಂಟ್ರೋಲರ್ ಎಂಬ ಅಂಗೈಯಗಲದ ಪೆಟ್ಟಿಗೆ ಇರಬೇಕು. 3,000 ಪೌಂಡ್ ಮೀರಿದ ಟ್ರೇಲರಿಗೆ ಸ್ವಂತ ಬ್ರೇಕ್ ಇರಲೇಬೇಕೆಂದು ಹೆಚ್ಚಿನ ರಾಜ್ಯಗಳ ಕಾನೂನು ಹೇಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಮಿತಿ ಇನ್ನೂ ಕಡಿಮೆ, 1,500 ಪೌಂಡ್. ಅಲ್ಲಿ ಟ್ರೇಲರ್ ಎಳೆಯುವ ಕಾರು ಗಂಟೆಗೆ 55 ಮೈಲಿ ಮೀರುವಂತೆಯೂ ಇಲ್ಲ. ಕಾನೂನು ಕೇಳಲಿ ಬಿಡಲಿ, ಮಕ್ಕಳು-ಮುದುಕರನ್ನು ಕೂರಿಸಿಕೊಂಡು ಹೋಗುವವರು ಬ್ರೇಕ್ ಇರುವ ಟ್ರೇಲರನ್ನೇ ಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಟ್ಟದ ರಸ್ತೆಗಳಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಕೊಲೊರಾಡೊದಲ್ಲಿ ಐ-70 ಹೆದ್ದಾರಿ ಐಸೆನ್‌ಹೋವರ್ ಸುರಂಗದ ಬಳಿ 11 ಸಾವಿರ ಅಡಿ ಮುಟ್ಟುತ್ತದೆ. ಅಷ್ಟೆತ್ತರದ ತೆಳು ಗಾಳಿಯಲ್ಲಿ ಟರ್ಬೊ ಇಲ್ಲದ ಎಂಜಿನ್ನಿನ ಬಲ ಮೂರರಲ್ಲೊಂದು ಪಾಲು ಕುಗ್ಗಿರುತ್ತದೆ. ಹತ್ತುವುದು ಹೇಗೋ ಆಗುತ್ತದೆ, ಇಳಿಯುವಾಗ ಕೆಳ ಗೇರಿನಲ್ಲಿ ಇಳಿಯದಿದ್ದರೆ ಬ್ರೇಕ್ ಕಾದು ಹಿಡಿತ ಬಿಡುತ್ತದೆ.

ಇನ್ನೊಂದು ಮಾತು. ಟ್ರೇಲರಿನಲ್ಲಿ ಹಾಸಿಗೆ ಇದೆಯಲ್ಲ, ಅಜ್ಜಿ ಅಲ್ಲೇ ಕಾಲು ಚಾಚಿ ಮಲಗಿ ಬರಲಿ ಎಂದು ಕೆಲವರು ಯೋಚಿಸುತ್ತಾರೆ. ಹೆಚ್ಚಿನ ರಾಜ್ಯಗಳಲ್ಲಿ ಅದು ಕಾನೂನಿಗೆ ವಿರುದ್ಧ. ಕಾನೂನಿದ್ದರೂ ಇಲ್ಲದಿದ್ದರೂ ಓಡುತ್ತಿರುವ ಟ್ರೇಲರಿನಲ್ಲಿ ಯಾರೂ ಇರಬಾರದು.

ಈಗ ಟ್ರೇಲರಿನ ಜಾತಿಗಳಿಗೆ ಬರೋಣ. 1930ರ ದಶಕದಿಂದ ಇರುವ ಟಿಯರ್‌ಡ್ರಾಪ್ ಎಂಬ ಪುಟಾಣಿಯಲ್ಲಿ ಇಬ್ಬರು ಮಲಗಬಹುದು, ಹಿಂದಿನ ಮುಚ್ಚಳ ಎತ್ತಿದರೆ ಅಡುಗೆಕಟ್ಟೆ. ಯುವ ದಂಪತಿಗೆ ಚೆಂದ, ಕುಟುಂಬಕ್ಕೆ ಸಾಲದು. ಮಡಚಿಡುವ ಪಾಪ್-ಅಪ್ ಹಗುರ, ಅಗ್ಗ, ತಗ್ಗಾಗಿರುವುದರಿಂದ ಪೆಟ್ರೋಲ್ ಉಳಿಸುತ್ತದೆ, ಮನೆಯ ಗ್ಯಾರೇಜಿನಲ್ಲೇ ಹಿಡಿಸುತ್ತದೆ. ಆದರೆ ಗೋಡೆ ಕ್ಯಾನ್ವಾಸಿನದು. ಮಳೆಯಲ್ಲಿ ನೆನೆದದ್ದನ್ನು ಮನೆಗೆ ಬಂದು ಬಿಚ್ಚಿ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಕರಡಿ ಸೀಮೆಯಲ್ಲಿ ಇನ್ನೊಂದು ತೊಡಕು: ಯೆಲ್ಲೋಸ್ಟೋನಿನ ಫಿಶಿಂಗ್ ಬ್ರಿಜ್ ಬಿಡಾರದೊಳಕ್ಕೆ ಗ್ರಿಜ್ಲಿ ಕರಡಿಗಳ ಕಾರಣಕ್ಕೆ ಗಟ್ಟಿ ಗೋಡೆಯ ಟ್ರೇಲರುಗಳಿಗೆ ಮಾತ್ರ ಪ್ರವೇಶ. ಡೇರೆಯನ್ನೂ ಬಿಡುವುದಿಲ್ಲ, ಪಾಪ್-ಅಪ್ಪನ್ನೂ ಬಿಡುವುದಿಲ್ಲ.

ಬೆಳ್ಳಿ ಬಣ್ಣದ ಏರ್‌ಸ್ಟ್ರೀಮ್ ಎಲ್ಲರ ಕಣ್ಣು ಸೆಳೆಯುತ್ತದೆ. ವಾಲಿ ಬೈಯಮ್ ಎಂಬಾತ 1930ರ ದಶಕದ ಆರ್ಥಿಕ ಕುಸಿತದ ದಿನಗಳಲ್ಲಿ ಕಟ್ಟಿದ ಕಂಪನಿ ಅದು. 1961ರಲ್ಲಿ ಅದು ತಂದ 16 ಅಡಿಯ ಬ್ಯಾಂಬಿ ಸಣ್ಣ ಟ್ರೇಲರುಗಳಲ್ಲೇ ಹೆಸರುವಾಸಿ. ಆದರೆ ಇಂದಿನ ಹೊಸ ಬ್ಯಾಂಬಿಯ ಬೆಲೆ 50 ಸಾವಿರ ಡಾಲರ್ ಮೀರಿದೆ. ಅಗ್ಗದ ಪ್ರವಾಸಕ್ಕೆ ಹೊರಟವರು ದೂರದಿಂದ ನೋಡಿ ಖುಷಿಪಟ್ಟರೆ ಸಾಕು.

ನನಗೆ ಬಹಳ ಇಷ್ಟವಾದದ್ದು ಫೈಬರ್‌ಗ್ಲಾಸಿನ ಮೊಟ್ಟೆಯಾಕಾರದ ಟ್ರೇಲರುಗಳು. 1960ರ ದಶಕದ ಕೊನೆಯಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ರೇ ಒಲೆಕೊ ಎಂಬವರು ಇವನ್ನು ಮಾಡಲು ಶುರುಮಾಡಿದರು. ಅದಕ್ಕೂ ಮೊದಲು ಅವರು ಫೈಬರ್‌ಗ್ಲಾಸಿನ ಸೆಪ್ಟಿಕ್ ಟ್ಯಾಂಕ್ ಮಾಡಿದ್ದರು. ನೀರು ಹೊರಗೆ ಸೋರದ ಟ್ಯಾಂಕ್ ಮಾಡಬಲ್ಲವನು ನೀರು ಒಳಗೆ ಇಳಿಯದ ಮನೆಯನ್ನೂ ಮಾಡಬಲ್ಲ. ಅವರ 13 ಅಡಿಯ ಬೋಲರ್ ದಾರಿ ತೋರಿಸಿತು. ಆ ದಾರಿ ಹಿಡಿದ ಮಿನೆಸೋಟಾದ ಸ್ಕ್ಯಾಂಪ್, ಟೆಕ್ಸಾಸಿನ ಕಸೀಟಾ ಕಂಪನಿಗಳು ಇಂದಿಗೂ ಅದೇ ಬಗೆಯವನ್ನು ಮಾಡುತ್ತಿವೆ. ಎರಡು ಬಟ್ಟಲುಗಳನ್ನು ಬಾಯಿಗೆ ಬಾಯಿ ಕೂಡಿಸಿದಂತೆ ಮೇಲಿನ ಚಿಪ್ಪು, ಕೆಳಗಿನ ಚಿಪ್ಪು. ಇರುವ ಒಂದು ಬೆಸುಗೆ ನಡುಮಧ್ಯದಲ್ಲಿ. ಚಾವಣಿಯಲ್ಲಿ ಸಂದೇ ಇಲ್ಲ. 13 ಅಡಿಯ ಸ್ಕ್ಯಾಂಪ್ ಖಾಲಿ ಇದ್ದಾಗ ತೂಗುವುದು 1,200ರಿಂದ 1,500 ಪೌಂಡ್ ಅಷ್ಟೇ. ನಾವು ಮೇಲೆ ಹಾಕಿದ ಆರು ಜನರ ಲೆಕ್ಕಕ್ಕೆ ಸರಿಯಾಗಿ ಒಗ್ಗುತ್ತದೆ. ಒಳಗೆ ಮೇಜನ್ನು ಇಳಿಸಿ ಹಾಸಿಗೆ ಮಾಡಿಕೊಂಡರೆ ಅಜ್ಜ-ಅಜ್ಜಿ ಮತ್ತು ಒಂದು ಮಗು ಆರಾಮ. ಉಳಿದವರಿಗೆ ಪಕ್ಕದಲ್ಲೇ ಒಂದು ಡೇರೆ. ಒಂದು ಬಿಡಾರದ ಜಾಗದಲ್ಲಿ ಸಾಮಾನ್ಯವಾಗಿ ಆರು ಜನಕ್ಕೆ ಅನುಮತಿ ಇರುವುದರಿಂದ ಎರಡಕ್ಕೂ ಒಂದೇ ಬಾಡಿಗೆ. ಇವು ಹಳತಾದರೂ ಬೆಲೆ ಇಳಿಯುವುದು ನಿಧಾನ. ಹಾಗೆಂದೇ ಸಿಗುವುದೂ ಕಷ್ಟ, ಸಿಕ್ಕಾಗ ತಡಮಾಡಬಾರದು.

ಉಳಿದ ಹೆಚ್ಚಿನವು ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಸುತ್ತಮುತ್ತ ತಯಾರಾಗುವ ಪೆಟ್ಟಿಗೆಯಾಕಾರದ ಟ್ರೇಲರುಗಳು. ಅಮೆರಿಕದ ಇಂಥ ವಾಹನಗಳಲ್ಲಿ ಬಹುಪಾಲು ಅಲ್ಲಿಂದಲೇ ಬರುತ್ತವೆ. ಮಕ್ಕಳಿಗೆ ಒಂದರ ಮೇಲೊಂದು ಹಾಸಿಗೆ ಇರುವ 17 ಅಡಿಯ ಬಂಕ್‌ಹೌಸ್ ನಾಲ್ಕು ಜನರ ಕುಟುಂಬಕ್ಕೆ ಹೇಳಿ ಮಾಡಿಸಿದ್ದು. ಆದರೆ ಖಾಲಿ ತೂಕವೇ 3,000 ಪೌಂಡಿನ ಆಸುಪಾಸು, ಹಾಗಾಗಿ 5,000 ಎಳೆಯುವ ಕಾರು ಇದ್ದವರು ಮಾತ್ರ ಇತ್ತ ನೋಡಬೇಕು. ಇವುಗಳ ಗೋಡೆಯೊಳಗೆ ಸಾಮಾನ್ಯವಾಗಿ ಮರದ ಚೌಕಟ್ಟು, ಹೊರಗೆ ತೆಳು ಅಲ್ಯುಮಿನಿಯಂ ತಗಡು, ಚಾವಣಿಗೆ ರಬ್ಬರ್ ಹೊದಿಕೆ, ಸಂದುಗಳಿಗೆಲ್ಲ ಬಿಳಿ ಸೀಲೆಂಟು. ಆ ಸೀಲೆಂಟು ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿತೆಂದರೆ ನೀರು ಇಳಿಯಿತು, ಮರ ಕೊಳೆಯಿತು. ಹಳೆಯ ಟ್ರೇಲರಿನ ದೊಡ್ಡ ಶತ್ರು ಮಳೆ.

ಪರಿಚಯದ ಕುಟುಂಬವೊಂದು ಹಳೆಯ ಬಂಕ್‌ಹೌಸ್ ನೋಡಲು ಹೊರಟಾಗ ನಾನೂ ಜೊತೆಗೆ ಹೋಗಿದ್ದೆ. ಹೊರಗಿನಿಂದ ಲಕಲಕ ಎನ್ನುತ್ತಿತ್ತು. ಒಳಗೆ ಗೋಡೆಗೆ ಹೊಸ ಬಿಳಿ ಬಣ್ಣ, ಹೊಸ ಪರದೆ. ಮಗ-ಸೊಸೆ ಅಡುಗೆಕಟ್ಟೆ ನೋಡಿ ಒಪ್ಪಿಯೇ ಬಿಟ್ಟಿದ್ದರು. ತೀರ್ಥಹಳ್ಳಿ ಕಡೆಯಿಂದ ಬಂದಿದ್ದ ತಾಯಿ ಒಳಗೆ ಕಾಲಿಟ್ಟವರೇ ಬಾಗಿಲಲ್ಲೇ ನಿಂತರು. ‘ಎಲ್ಲೋ ಸೋರ್ತಿದೆ ಮಗಾ, ಮುಗ್ಗಲು ವಾಸನೆ ಬರ್ತಿದೆ’ ಎಂದರು. ‘ಮುಚ್ಚಿಟ್ಟಿದ್ದಕ್ಕೆ ಹಾಗೆ ಅಮ್ಮ’ ಎಂದ ಮಗ. ಅವರು ಮಾತಾಡದೆ ಹಿಂಬದಿಯ ಹಾಸಿಗೆ ಎತ್ತಿ ಮೂಲೆಯ ಹಲಗೆಯನ್ನು ಹೆಬ್ಬೆರಳಿನಿಂದ ಒತ್ತಿದರು. ಹಲಗೆ ಬ್ರೆಡ್ಡಿನಷ್ಟು ಮೆತ್ತಗಿತ್ತು. ಟಾರ್ಚ್ ಹಿಡಿದು ನೋಡಿದರೆ ಮೊಳೆಗಳ ತಲೆಯೆಲ್ಲ ತುಕ್ಕು, ಮರದಲ್ಲಿ ಕಪ್ಪು ಕಲೆ. ಆರು ತಿಂಗಳ ಮಳೆ ಕಂಡ ಮಲೆನಾಡಿನ ಮೂಗಿಗಿಂತ ಒಳ್ಳೆಯ ತೇವಮಾಪಕ ಇಲ್ಲ ಎಂದು ಅಂದು ಅನಿಸಿತು. ಅವರು ಅದನ್ನು ಕೊಳ್ಳಲಿಲ್ಲ.

ಆ ತಾಯಿ ಮಾಡಿದ್ದನ್ನೇ ಎಲ್ಲರೂ ಮಾಡಬೇಕು. ಬಾಗಿಲು ಮುಚ್ಚಿಕೊಂಡು ಮೊದಲು ವಾಸನೆ ನೋಡಿ. ಹಾಸಿಗೆಯ ಕೆಳಗಿನ ಮೂಲೆ, ಕಪಾಟಿನ ಒಳಮೂಲೆ, ಕಿಟಕಿಯ ಕೆಳಗಿನ ಅಂಚು, ಬಾಗಿಲ ಬಳಿಯ ನೆಲ, ಚಾವಣಿಯ ಗಾಳಿಕಿಂಡಿಯ ಸುತ್ತ, ಎಲ್ಲ ಕಡೆ ಬೆರಳು ಒತ್ತಿ. ಹಳೆಯ ಟ್ರೇಲರಿನಲ್ಲಿ ಹೊಸ ಬಣ್ಣ ಕಂಡರೆ ಯಾಕೆ ಬಳಿದಿರಿ ಎಂದು ಕೇಳಿ. ಏಣಿ ಹಾಕಿ ಚಾವಣಿ ನೋಡಿ. ಟಯರಿನ ಹಲ್ಲು ಸವೆದಿಲ್ಲ ಎಂದು ನೆಮ್ಮದಿ ಪಡಬೇಡಿ. ಟ್ರೇಲರಿನ ಟಯರು ಓಡಿ ಹಾಳಾಗುವುದಕ್ಕಿಂತ ನಿಂತೇ ಹಾಳಾಗುವುದು ಹೆಚ್ಚು. ಟಯರಿನ ಬದಿಯಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ಮಾಡಿದ್ದು ಎಂದರ್ಥ. ಐದಾರು ವರ್ಷ ದಾಟಿದ್ದರೆ ಎಲ್ಲ ಟಯರನ್ನೂ ಹೊಸದು ಹಾಕಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಒಲೆ, ಫ್ರಿಜ್, ನೀರಿನ ಪಂಪು, ಹೀಟರ್ ಎಲ್ಲವನ್ನೂ ಮಾರುವವರ ಕೈಯಲ್ಲೇ ಹಚ್ಚಿಸಿ ನೋಡಿ. ಫ್ರಿಜ್ ಗ್ಯಾಸಿನ ಮೇಲೆ ಓಡುವಂಥದಾದರೆ ತಣ್ಣಗಾಗಲು ಗಂಟೆಗಟ್ಟಲೆ ಬೇಕು, ಹಿಂದಿನ ರಾತ್ರಿಯೇ ಹಚ್ಚಿಡಲು ಹೇಳಿ.

ಹೊಸದು ಕೊಂಡರೆ ಈ ತಲೆನೋವಿಲ್ಲವಲ್ಲ ಎನ್ನಬಹುದು. ತಲೆನೋವು ಬೇರೆ ರೂಪದಲ್ಲಿ ಬರುತ್ತದೆ. ಮಾರಾಟಗಾರರು ಬೆಲೆಯ ಮಾತು ಬಿಟ್ಟು ತಿಂಗಳ ಕಂತಿನ ಮಾತಾಡುತ್ತಾರೆ. 20 ಸಾವಿರ ಡಾಲರ್ ಸಾಲ, ನೂರಕ್ಕೆ 9ರ ಬಡ್ಡಿ, 15 ವರ್ಷ ಅವಧಿ ಎಂದಿಟ್ಟುಕೊಳ್ಳಿ. ಕಂತು ತಿಂಗಳಿಗೆ 203 ಡಾಲರ್, ಕೇಳಲು ಹಗುರ. ಒಟ್ಟು ಕಟ್ಟುವುದು 36,500. ಅಷ್ಟು ಹೊತ್ತಿಗೆ ಟ್ರೇಲರ್ ಗುಜರಿಯ ಹತ್ತಿರ ಬಂದಿರುತ್ತದೆ. ಕೋವಿಡ್ ಕಾಲದಲ್ಲಿ ಹೋಟೆಲಿಗೆ ಹೆದರಿದ ಜನ ಮುಗಿಬಿದ್ದು ಕೊಂಡರು. 2021ರಲ್ಲಿ ಅಮೆರಿಕದ ಕಾರ್ಖಾನೆಗಳು ಇಂಥ ವಾಹನಗಳನ್ನು 6 ಲಕ್ಷದಷ್ಟು ಕಳಿಸಿದವು. 2023ಕ್ಕೆ ಅದು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಅಂದು ಉಮೇದಿನಲ್ಲಿ ಕೊಂಡು ಬಳಸದೆ ನಿಲ್ಲಿಸಿದವರ ಟ್ರೇಲರುಗಳು ಮಾರಾಟಕ್ಕೆ ಬರುತ್ತಿವೆ. ನಗದು ಕೊಟ್ಟು ಹಳೆಯದನ್ನು ಕೊಳ್ಳುವವರಿಗೆ ಇದು ಅನುಕೂಲ.

ಹಾಗಾದರೆ ಎಷ್ಟು ಉಳಿಯುತ್ತದೆ? ಊಹೆಯ ಅಂಕಿಗಳಲ್ಲೇ ನೋಡೋಣ, ನಿಮ್ಮ ಊರಿನ ದರ ಹಾಕಿ ಬದಲಿಸಿಕೊಳ್ಳಿ. 10 ಸಾವಿರಕ್ಕೆ ಕೊಂಡು ಐದು ವರ್ಷಕ್ಕೆ 6 ಸಾವಿರಕ್ಕೆ ಮಾರಿದರೆ 4 ಸಾವಿರ ಹೋಯಿತು. ಹಿಚ್, ವೈರಿಂಗ್, ಬ್ರೇಕ್ ಕಂಟ್ರೋಲರ್‌ಗೆ 1 ಸಾವಿರ. ಟಯರು, ಬ್ಯಾಟರಿ, ಸೀಲೆಂಟು, ಚಿಲ್ಲರೆ ರಿಪೇರಿ ಐದು ವರ್ಷಕ್ಕೆ 1,500. ನೋಂದಣಿ ಮತ್ತು ವಿಮೆ ವರ್ಷಕ್ಕೆ 300ರಂತೆ 1,500. ಒಟ್ಟು 8 ಸಾವಿರ. ಇನ್ನು ಒಂದು ಸಾವಿರ ಮೈಲಿಯ, ಐದು ರಾತ್ರಿಯ ಪ್ರವಾಸ ತಗೊಳ್ಳಿ. ನಾಲ್ಕು ಜನಕ್ಕೆ ಹೋಟೆಲಿನ ಒಂದು ಕೋಣೆಯಾದರೆ ರಾತ್ರಿಗೆ 150ರಂತೆ 750, ಬಿಡಾರವಾದರೆ 40ರಂತೆ 200. ಗ್ಯಾಲನ್ನಿಗೆ 24 ಮೈಲಿ ಕೊಡುತ್ತಿದ್ದ ಕಾರು ಟ್ರೇಲರ್ ಎಳೆದಾಗ 13ಕ್ಕಿಳಿದರೆ 35 ಗ್ಯಾಲನ್ ಹೆಚ್ಚು ಪೆಟ್ರೋಲ್, ಸುಮಾರು 120 ಡಾಲರ್. ಸ್ವಂತ ಅಡುಗೆಯಿಂದ ದಿನಕ್ಕೆ 60 ಉಳಿದರೆ 300. ಎಲ್ಲ ಕೂಡಿ ಕಳೆದರೆ ಒಂದು ಪ್ರವಾಸಕ್ಕೆ 730 ಡಾಲರ್ ಉಳಿತಾಯ. 8 ಸಾವಿರ ತುಂಬಿಕೊಳ್ಳಲು ಐದು ವರ್ಷದಲ್ಲಿ 11 ಪ್ರವಾಸ, ವರ್ಷಕ್ಕೆ ಎರಡಕ್ಕಿಂತ ತುಸು ಹೆಚ್ಚು. ಆರು ಜನಕ್ಕೆ ಎರಡು ಕೋಣೆ ಹಿಡಿಯುತ್ತಿದ್ದವರಿಗೆ ಅದರ ಅರ್ಧ ಸಾಕು.

ಆದರೆ ಈ ಲೆಕ್ಕದಲ್ಲಿ ಒಂದು ಖರ್ಚನ್ನು ಬಿಟ್ಟಿದ್ದೇನೆ. ಟ್ರೇಲರನ್ನು ನಿಲ್ಲಿಸುವುದೆಲ್ಲಿ? ನಮ್ಮವರು ಹೆಚ್ಚಾಗಿ ವಾಸಿಸುವ ಬಡಾವಣೆಗಳ ಎಚ್ಒಎ ಎಂಬ ಮನೆಮಾಲೀಕರ ಸಂಘಗಳಲ್ಲಿ ಹಲವು ಮನೆಮುಂದೆ ಟ್ರೇಲರ್ ನಿಲ್ಲಿಸಲು ಬಿಡುವುದಿಲ್ಲ. ಹೊರಗೆ ಬಾಡಿಗೆ ಜಾಗ ತಿಂಗಳಿಗೆ 75 ಡಾಲರ್ ಎಂದರೂ ಐದು ವರ್ಷಕ್ಕೆ 4,500. ನಾಲ್ಕು ಜನರ ಕುಟುಂಬಕ್ಕೆ 11 ಇದ್ದ ಪ್ರವಾಸ ಸುಮಾರು 17ಕ್ಕೇರಿತು. ಇಬ್ಬರೂ ದುಡಿಯುವ ಮನೆಯಲ್ಲಿ, ಪ್ರವಾಸಕ್ಕೆ ಐದು ರಾತ್ರಿಯಂತೆ, ವರ್ಷಕ್ಕೆ 17 ರಾತ್ರಿ ಹೊರಗೆ ಕಳೆಯುವಷ್ಟು ರಜೆ ಎಲ್ಲಿದೆ? ಸ್ವಂತ ಜಾಗವಿಲ್ಲದವರು, ವರ್ಷಕ್ಕೊಂದೇ ಪ್ರವಾಸ ಹೋಗುವವರು ಕೊಳ್ಳದಿರುವುದೇ ಒಳ್ಳೆಯದು. ಔಟ್‌ಡೋರ್ಸಿ, ಆರ್‌ವಿಶೇರ್‌ನಂಥ ತಾಣಗಳಲ್ಲಿ ಬೇರೆಯವರ ಟ್ರೇಲರ್ ದಿನದ ಬಾಡಿಗೆಗೆ ಸಿಗುತ್ತದೆ. ಕೊಳ್ಳಬೇಕೆಂದಿರುವವರೂ ಒಮ್ಮೆ ಬಾಡಿಗೆಗೆ ತಂದು ನೋಡಲಿ. ನಾಲ್ಕು ಜನ ಒಂದೇ ಪೆಟ್ಟಿಗೆಯಲ್ಲಿ ಮಳೆ ಬಿದ್ದ ರಾತ್ರಿ ಹೇಗಿರುತ್ತಾರೆ ಎಂಬುದು ಮೊದಲೇ ತಿಳಿದಿದ್ದರೆ ಒಳ್ಳೆಯದು.

ಅಡುಗೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಕನ್ನಡದ ಕುಟುಂಬಕ್ಕೆ ಟ್ರೇಲರಿನ ನಿಜವಾದ ಸುಖ ಇರುವುದು ಆ ಎರಡು ಬರ್ನರಿನ ಒಲೆಯಲ್ಲಿ. ಯೆಲ್ಲೋಸ್ಟೋನಿನ ಹೆಚ್ಚು ಭಾಗ 7,500 ಅಡಿಗೂ ಮೇಲಿದೆ. ಅಲ್ಲಿ ನೀರು 92 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಬೇಳೆ ಎಷ್ಟು ಹೊತ್ತಾದರೂ ಕರಗುವುದಿಲ್ಲ. ನಮ್ಮ ಪ್ರೆಷರ್ ಕುಕ್ಕರ್ ಇಲ್ಲಿ ಗೆಲ್ಲುತ್ತದೆ. ಪಕ್ಕದ ಬಿಡಾರದವರು ಸೀಟಿ ಕೇಳಿ ಏನಿದು ಎಂದು ಬಂದು ನೋಡಿಯಾರು. ಅವರಿಗೂ ಒಂದು ಬಟ್ಟಲು ಬಿಸಿಬೇಳೆಬಾತ್ ಕೊಡಿ. ಒಗ್ಗರಣೆ ಮಾತ್ರ ಹೊರಗಿನ ಮೇಜಿನ ಮೇಲೆ, ಸಣ್ಣ ಗ್ಯಾಸ್ ಒಲೆಯಲ್ಲಿ ಆಗಲಿ. ಒಳಗೆ ಮೆಣಸಿನಕಾಯಿ ಸಿಡಿಸಿದರೆ ಹೊಗೆಯ ಅಲಾರಂ ಬಡಿದುಕೊಳ್ಳುತ್ತದೆ, ಹಾಸಿಗೆಗಳಿಗೆಲ್ಲ ಇಂಗಿನ ವಾಸನೆ ಹಿಡಿಯುತ್ತದೆ. ಒಳಗೆ ಒಲೆ ಹಚ್ಚಿದಾಗಲೆಲ್ಲ ಚಾವಣಿಯ ಕಿಂಡಿ ತೆರೆದಿರಬೇಕು. ಕಾರ್ಬನ್ ಮಾನಾಕ್ಸೈಡ್ ಅಲಾರಂನ ಅವಧಿ ಮುಗಿದಿದ್ದರೆ ಕೊಂಡ ದಿನವೇ ಬದಲಿಸಿ. ಚಳಿಗೆಂದು ಒಲೆ ಉರಿಸಿಟ್ಟು ಮಲಗುವುದಂತೂ ಕೂಡದೇ ಕೂಡದು.

ಶೌಚಾಲಯ ಬೇಕೆ ಬೇಡವೆ ಎಂಬ ಚರ್ಚೆ ಪ್ರತಿ ಮನೆಯಲ್ಲೂ ಆಗುತ್ತದೆ. ಅದಿದ್ದರೆ ತೂಕ ಹೆಚ್ಚು, ಜಾಗ ಕಡಿಮೆ, ಪ್ರವಾಸದ ಕೊನೆಗೆ ಟ್ಯಾಂಕ್ ಖಾಲಿ ಮಾಡುವ ಕೆಲಸ. ಯುವ ಕುಟುಂಬಕ್ಕೆ ಬಿಡಾರದ ಶೌಚಾಲಯವೇ ಸಾಕು. ಆದರೆ ಹಿರಿಯರನ್ನು ಕರೆದೊಯ್ಯುವವರಿಗೆ ಇರಲೇಬೇಕು ಎಂಬುದು ನನ್ನ ವಾದ. ರಾತ್ರಿ ಎರಡು ಸಲ ಏಳುವವರು ಕತ್ತಲಲ್ಲಿ, ಚಳಿಯಲ್ಲಿ, ಕರಡಿ ಓಡಾಡುವ ಕಾಡಿನಲ್ಲಿ ಟಾರ್ಚ್ ಹಿಡಿದು ನಡೆಯಬೇಕೆಂದರೆ ಸಂಜೆಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ. ಯಾರಿಗೂ ಹೇಳುವುದಿಲ್ಲ. ಟ್ಯಾಂಕ್ ಖಾಲಿ ಮಾಡುವುದು ದಪ್ಪ ಕೊಳವೆ ಜೋಡಿಸಿ ಕವಾಟ ಎಳೆಯುವ ಹತ್ತು ನಿಮಿಷದ ಕೆಲಸ. ಕೈಗವಸು ಹಾಕಿಕೊಂಡು, ಮೊದಲು ಶೌಚದ ಟ್ಯಾಂಕ್, ಆಮೇಲೆ ಸ್ನಾನ-ಪಾತ್ರೆಯ ನೀರಿನ ಟ್ಯಾಂಕ್ ಬಿಟ್ಟರೆ ಕೊಳವೆ ತಾನೇ ತೊಳೆದುಹೋಗುತ್ತದೆ.

ಮನೆಯಷ್ಟು ದೊಡ್ಡ ಮೋಟರ್‌ಹೋಮಿಗಿಂತ ಟ್ರೇಲರಿಗೆ ಇರುವ ಹೆಚ್ಚುಗಾರಿಕೆ, ಅದನ್ನು ಬಿಡಾರದಲ್ಲಿ ಬಿಟ್ಟು ಕಾರಿನಲ್ಲಿ ಸುತ್ತಬಹುದು ಎಂಬುದು. ಮೊಂಟಾನಾದ ಗ್ಲೇಸಿಯರ್ ಉದ್ಯಾನದ ಗೋಯಿಂಗ್-ಟು-ದಿ-ಸನ್ ರಸ್ತೆಯ ಬೆಟ್ಟದ ಭಾಗದಲ್ಲಿ 21 ಅಡಿಗಿಂತ ಉದ್ದದ ವಾಹನಕ್ಕೆ ಪ್ರವೇಶವಿಲ್ಲ, ಕಾರು-ಟ್ರೇಲರ್ ಜೋಡಿಗೂ ಇಲ್ಲ. ಕೊಕ್ಕೆ ಕಳಚಿ ಹೋದರೆ ಮಾತ್ರ ಆ ರಸ್ತೆಯ ಸೊಬಗು. ಕೊಕ್ಕೆ ಮತ್ತೆ ಹಾಕುವಾಗ ಒಬ್ಬರೇ ಹಾಕಿ, ಇನ್ನೊಬ್ಬರು ಪರೀಕ್ಷಿಸಿ: ಗುಂಡಿನ ಮೇಲೆ ಮೂತಿ ಕೂತು ಚಿಲಕ ಬಿದ್ದಿದೆಯೆ, ಎರಡು ಸರಪಳಿ ಮೂತಿಯ ಕೆಳಗೆ ಅಡ್ಡಡ್ಡ ಹಾಕಿದೆಯೆ, ದೀಪದ ವೈರು ಚುಚ್ಚಿದೆಯೆ, ಕಳಚಿದರೆ ತಾನಾಗಿ ಬ್ರೇಕ್ ಹಾಕುವ ತಂತಿ ಕಾರಿಗೆ ಸಿಕ್ಕಿಸಿದೆಯೆ. ಆ ಹೊತ್ತಿನಲ್ಲಿ ಯಾರೂ ಮಾತಾಡಿಸಬಾರದು ಎಂದು ಮಕ್ಕಳಿಗೆ ಹೇಳಿಡಿ.

ಕೊಳ್ಳಲು ಒಳ್ಳೆಯ ಕಾಲ ಅಕ್ಟೋಬರಿನಿಂದ ಫೆಬ್ರುವರಿ. ಬೇಸಿಗೆ ಮುಗಿದು, ಚಳಿಗಾಲಕ್ಕೆ ನಿಲ್ಲಿಸುವ ಜಾಗದ ಬಾಡಿಗೆ ಕಟ್ಟಲು ಮನಸ್ಸಿಲ್ಲದವರು ಬೆಲೆ ಇಳಿಸುತ್ತಾರೆ. ಒಂದೇ ಎಚ್ಚರ: ಹಿಮ ಬೀಳುವ ಊರುಗಳಲ್ಲಿ ಕೊಳವೆಗಳು ಒಡೆಯದಂತೆ ನೀರು ತೆಗೆದು ನಸುಗೆಂಪು ಆಂಟಿಫ್ರೀಜ್ ತುಂಬಿರುತ್ತಾರೆ, ಆಗ ಪಂಪು, ನಲ್ಲಿ ಓಡಿಸಿ ನೋಡುವಂತಿರುವುದಿಲ್ಲ. ನೀರಿನ ವ್ಯವಸ್ಥೆ ಪರೀಕ್ಷಿಸುವ ತನಕ ಸ್ವಲ್ಪ ಹಣ ಹಿಡಿದಿಟ್ಟುಕೊಳ್ಳುವ ಕರಾರು ಮಾಡಿಕೊಳ್ಳಿ. ವಸಂತದಲ್ಲಿ ಮೊದಲ ರಾತ್ರಿ ಮನೆಯಿಂದ ಅರ್ಧ ಗಂಟೆ ದೂರದ ರಾಜ್ಯ ಉದ್ಯಾನದಲ್ಲಿ ಕಳೆಯಿರಿ. ಏನು ಮರೆತಿದ್ದೀರಿ, ಏನು ಸೋರುತ್ತಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ದೊಡ್ಡ ಉದ್ಯಾನಗಳಲ್ಲಿ ಬಹಳಷ್ಟು ಬಿಡಾರಗಳ ಜಾಗ ರಿಕ್ರಿಯೇಷನ್ ಡಾಟ್ ಗವ್ ತಾಣದಲ್ಲಿ ಆರು ತಿಂಗಳ ಮೊದಲೇ ತೆರೆದು, ಜನಪ್ರಿಯ ಜಾಗಗಳು ನಿಮಿಷಗಳಲ್ಲಿ ಮುಗಿದುಹೋಗುತ್ತವೆ. ಜುಲೈಗೆ ಹೋಗುವವರು ಜನವರಿಯಲ್ಲೇ ಕೂರಬೇಕು. ಜಾಗದ ಉದ್ದ ಎಷ್ಟೆಂದು ಅಲ್ಲಿ ಬರೆದಿರುತ್ತದೆ, ನಿಮ್ಮ ಟ್ರೇಲರಿನ ಉದ್ದವನ್ನು ಮೂತಿಯಿಂದ ಹಿಂದಿನ ಬಂಪರಿನ ತನಕ ಟೇಪ್ ಹಿಡಿದು ಅಳೆದು ಇಟ್ಟುಕೊಳ್ಳಿ. 13 ಅಡಿ, 17 ಅಡಿ ಎಂದು ಕಂಪನಿ ಹೇಳುವ ಅಳತೆಯಲ್ಲಿ ಮೂತಿ ಸೇರಿದೆಯೋ ಇಲ್ಲವೋ ಎಂಬುದು ಒಂದೊಂದು ಕಡೆ ಒಂದೊಂದು ಥರ. ಊರಿನಿಂದ ಬರುವವರ ವಿಮಾನದ ಟಿಕೆಟ್ ತೆಗೆಯುವುದು ಆ ಜಾಗ ಸಿಕ್ಕಮೇಲೆ ಆಗಲಿ.